ಪ್ರಶ್ನೋತ್ತರ: ಬರಿಗಾಲಿನ ಕತೆಯನ್ನು ಮಗನಿಗೆ ಹೇಳಬೇಕಾ, ಬೇಡ್ವಾ?

ಪ್ರಶ್ನೆ (ಮಡಗಾಂವ, ಐದನೇ ಕ್ಲಾಸಿನ ಹುಡುಗನ ಅಪ್ಪ):
ಕೋಚ್ ಸರ್, ನಮಸ್ಕಾರ. ನಮ್ಮ ಕನ್ನಡ ಗುಂಪಿನಲ್ಲಿ ಫುಟ್‌ಬಾಲ್ ಕಲಿಸಿ ಹೊಟ್ಟೆ ಹೊರೆಯುವವರು ನೀವೊಬ್ಬರೇ, ಅದಕ್ಕೆ ನಿಮ್ಮನ್ನೇ ಹಿಡಿದೆ. 2025ರ ಅಕ್ಟೋಬರ್ 14ರಂದು ಫಟೋರ್ಡಾ ಸ್ಟೇಡಿಯಂನಲ್ಲಿ ಸಿಂಗಾಪುರದ ಮೇಲಿನ ಮ್ಯಾಚಿಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಛಾಂಗ್ಟೆ ಗೋಲ್ ಹೊಡೆದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದಿದ್ದೇ ಕುಣಿದಿದ್ದು. ಆಮೇಲೆ ಏನಾಯಿತು ಗೊತ್ತಲ್ಲ, 1-2. ನಮ್ಮ ನೆಲದಲ್ಲೇ ಸೋತು 2027ರ ಏಷ್ಯನ್ ಕಪ್ ಕೈತಪ್ಪಿತು. ಸ್ಕೂಟರ್‌ನಲ್ಲಿ ಮನೆಗೆ ಬರುವಾಗ ಹಿಂದಿನಿಂದ ಮಗ ಕೇಳಿದ, "ಪಪ್ಪಾ, ನಮ್ಮ ಟೀಮ್ ಯಾವತ್ತಾದ್ರೂ ಚೆನ್ನಾಗಿತ್ತಾ?" ನಾನು ಜಂಬದಿಂದ, 1950ರಲ್ಲಿ ನಾವು ವರ್ಲ್ಡ್ ಕಪ್ಪಿಗೇ ಹೋಗಬೇಕಿತ್ತು ಕಣೋ, ಬರಿಗಾಲಲ್ಲಿ ಆಡ್ತೀವಿ ಅಂದಿದ್ದಕ್ಕೆ ಬಿಡಲಿಲ್ಲ ಅಂದೆ. ಮರುದಿನ ಪಕ್ಕದ ಮನೆಯ ಗೋವಾದ ಅಜ್ಜ ಅದನ್ನು ಕೇಳಿ ನಕ್ಕುಬಿಟ್ಟರು. ಅದೆಲ್ಲ ಕಟ್ಟುಕತೆಯಂತೆ. ಹುಡುಗನ ಮುಂದೆ ಮರ್ಯಾದೆ ಹೋಯಿತು. ನಿಜ ಏನು ಹೇಳಿ.

ಉತ್ತರ (ಕೋಚ್):
ಅಜ್ಜ ಹೇಳಿದ್ದೇ ಸರಿ. ಆದರೆ ನೀವೊಬ್ಬರೇ ಅಲ್ಲ, ಧಾರವಾಡದಲ್ಲಿ ನಮ್ಮ ಪಿ.ಟಿ. ಮೇಷ್ಟ್ರೂ ಇದೇ ಕತೆ ಹೇಳಿದ್ದರು. ನಾನೂ ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಮೊದಲು, ನಾವು 1950ಕ್ಕೆ ಆಯ್ಕೆಯಾಗಿದ್ದು ಹೇಗೆ ಅಂತ ನೋಡಿ. ಯಾರನ್ನೂ ಸೋಲಿಸಿ ಅಲ್ಲ. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮೂರೂ ಹಿಂದೆ ಸರಿದವು, ಉಳಿದವರು ನಾವು. ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆ ಜೊತೆ ಹಾಕಿದ್ದರು. ಖರ್ಚಿನ ದೊಡ್ಡ ಪಾಲನ್ನು ಬ್ರೆಜಿಲ್‌ನವರೇ ಕೊಡಲು ತಯಾರಿದ್ದರು. ಆದರೂ ನಮ್ಮ ಫೆಡರೇಷನ್ ಹೋಗಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ, ತಂಡದ ಆಯ್ಕೆಯಲ್ಲಿ ಜಗಳ, ಅಭ್ಯಾಸಕ್ಕೆ ಸಮಯ ಇಲ್ಲ, ಹೀಗೆ ಕಾರಣ ಹಲವು. ಎಲ್ಲಕ್ಕಿಂತ ದೊಡ್ಡ ಕಾರಣ ಅಂದರೆ ಆಗ ನಮ್ಮವರಿಗೆ ಒಲಿಂಪಿಕ್ಸ್ ಅಂದರೆ ಪ್ರಾಣ, ವರ್ಲ್ಡ್ ಕಪ್ ಅಂದರೆ ಯಾವುದೋ ಇನ್ನೊಂದು ಟೂರ್ನಮೆಂಟ್. ಆ ಕಾಲದ ಆಟಗಾರ ಶೈಲೇನ್ ಮನ್ನಾ ಅವರೇ ಆಮೇಲೆ ಬರಿಗಾಲಿನ ಮಾತನ್ನು ಒಪ್ಪಲಿಲ್ಲ.

ಹಾಗಂತ ಕತೆ ಗಾಳಿಯಿಂದ ಹುಟ್ಟಿದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬಹುತೇಕ ಹುಡುಗರು ಬರಿಗಾಲಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. 2-1ಕ್ಕೆ ಸೋತರು, ಅದೂ ಎರಡು ಪೆನಾಲ್ಟಿ ಹಾಳುಮಾಡಿಕೊಂಡು. ಅವೆರಡೂ ಗೋಲಾಗಿದ್ದರೆ ಗೆಲ್ಲುತ್ತಿದ್ದರು ಅಲ್ವಾ? ಕ್ಯಾಪ್ಟನ್ ತಾಲಿಮೆರೆನ್ ಆವೋ, ನಾಗಾಲ್ಯಾಂಡಿನ ಡಾಕ್ಟರ್. ಲಂಡನ್‌ನಲ್ಲಿ ಜನ ಬೆರಗಾಗಿ ನೋಡಿದರು. ಆ ಬೆರಗೇ ಮುಂದೆ ನಮಗೆ ಒಂದು ನೆಪವಾಯಿತು ಅಂತ ನನ್ನ ಅನಿಸಿಕೆ.

ಆದರೆ ಬರಿಗಾಲಿನ ಲೆಕ್ಕ ಚುಕ್ತಾ ಆಗಿದ್ದು 1952ರಲ್ಲಿ. ಹೆಲ್ಸಿಂಕಿ ಒಲಿಂಪಿಕ್ಸ್, ಅಲ್ಲಿಯ ಚಳಿ, ಎದುರಿಗೆ ಯುಗೊಸ್ಲಾವಿಯಾ, ಫಲಿತಾಂಶ 10-1. ನಮಗೆ 1. ವಾಪಸ್ ಬಂದ ಮೇಲೆ ಬೂಟು ಕಡ್ಡಾಯ ಅಂತ ಫೆಡರೇಷನ್ ಹೇಳಿತು. ಈ ಮ್ಯಾಚನ್ನು ಮಾತ್ರ ಯಾವ ಮೇಷ್ಟ್ರೂ ಹೇಳುವುದಿಲ್ಲ ನೋಡಿ.

ಪ್ರಶ್ನೆ (ವಾಸ್ಕೋ, ಬೈನಾ):
ಅಂದರೆ ನಾವು ಯಾವತ್ತೂ ಇಷ್ಟೇನಾ? "ಏಷ್ಯಾದ ಬ್ರೆಜಿಲ್" ಅಂತೆಲ್ಲ ಅಂತಾರಲ್ಲ, ಅದೂ ಸುಮ್ನೆ ಬಿಟ್ಟಿದ್ದಾ?

ಉತ್ತರ (ಕೋಚ್):
ಅಲ್ಲ ಅಲ್ಲ, ಅದು ಸುಮ್ನೆ ಅಲ್ಲ. ಆ ಹೆಸರು ನನಗೂ ಇಷ್ಟವಿಲ್ಲ, ಆದರೆ ಹನ್ನೆರಡು ವರ್ಷ ನಾವು ನಿಜವಾಗಿಯೂ ಏಷ್ಯಾದ ಮುಂಚೂಣಿಯಲ್ಲಿದ್ದೆವು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಮೇಲೆ 1-0, ಮೇವಾಲಾಲ್ ಗೋಲು, ಚಿನ್ನ. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ. ಎರಡಕ್ಕೂ ಕೋಚ್ ಒಬ್ಬರೇ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮನುಷ್ಯ. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬೈಯ ಕೂಪರೇಜ್ ಮೈದಾನದಲ್ಲಿ 1950ರಿಂದ 54ರ ತನಕ ಐದು ವರ್ಷ ಒಂದೇ ಸಮನೆ ರೋವರ್ಸ್ ಕಪ್ ಗೆದ್ದಿತ್ತು.

ಕೋಚ್ ಆಗಿ ನನಗೆ ಜಾಸ್ತಿ ಆಶ್ಚರ್ಯ ಇಲ್ಲೇ ಆಗುವುದು. ಆಗ ನಮ್ಮ ಕಡೆ ಚೆಂಡು ಸಿಕ್ಕವನು ನಾಲ್ಕು ಜನರನ್ನು ಡ್ರಿಬಲ್ ಮಾಡಿದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ರಹೀಮ್ ಸಾಹೇಬರು ಒಂದು ಟಚ್, ಪಾಸ್, ಓಡು ಅಂದರು. ಹಂಗೇರಿಯವರು ಸೆಂಟರ್ ಫಾರ್ವರ್ಡನ್ನು ಹಿಂದಕ್ಕೆ ಎಳೆದು ಆಡಿಸುವುದನ್ನು ಗಮನಿಸಿ, ಅದನ್ನೇ ನಮ್ಮ ಹುಡುಗರಿಗೆ ಕಲಿಸಿದರು. ಟಿ.ವಿ. ಇಲ್ಲದ ಕಾಲ ಅದು.

ಅದರ ಫಲ 1956ರ ಮೆಲ್ಬರ್ನ್ ಒಲಿಂಪಿಕ್ಸ್. ಆಸ್ಟ್ರೇಲಿಯಾವನ್ನು ಅವರ ಊರಲ್ಲೇ 4-2ಕ್ಕೆ ಸೋಲಿಸಿದೆವು. ನೆವಿಲ್ ಡಿಸೋಜಾ ಮೂರು ಗೋಲು. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯನ್ ಆತ. ಎಲ್ಲಿಯವನು ಗೊತ್ತಾ? ಇಲ್ಲೇ ಅಸ್ಸಗಾಂವದವನು, ನಮ್ಮ ಮಾಪ್ಸಾ ಪಕ್ಕ. ಮುಂಬೈಯಲ್ಲಿ ಟಾಟಾ ಸ್ಪೋರ್ಟ್ಸ್‌ಗೆ ಆಡುತ್ತಿದ್ದ. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಆ 10-1ರ ನಾಲ್ಕು ವರ್ಷದ ನಂತರ, ಹಾಫ್‌ಟೈಮಿಗೆ 0-0, ಆಮೇಲೆ ಮೊದಲ ಗೋಲು ಹೊಡೆದವನು ನಮ್ಮ ನೆವಿಲ್! ಕೊನೆಗೆ 4-1ಕ್ಕೆ ಸೋತೆವು, ಕಂಚಿನ ಮ್ಯಾಚಿನಲ್ಲಿ ಬಲ್ಗೇರಿಯಾ 3-0. ನಾಲ್ಕನೇ ಸ್ಥಾನ. ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು. ಮೊದಲ ಸುತ್ತಿನಲ್ಲಿ ಹಂಗೇರಿ ಬರಲೇ ಇಲ್ಲ, ನಮಗೆ ವಾಕೋವರ್ ಸಿಕ್ಕಿತು. ಹಾಗಾಗಿ ಒಂದೇ ಮ್ಯಾಚ್ ಗೆದ್ದು ಸೆಮಿಫೈನಲ್ ತಲುಪಿದ್ದು. ಇದನ್ನು ಬಚ್ಚಿಟ್ಟು ಮಗನಿಗೆ ಹೇಳಿದರೆ ನಾಳೆ ಅಜ್ಜ ಮತ್ತೆ ನಗುತ್ತಾರೆ.

ಪ್ರಶ್ನೆ (ಮಾಪ್ಸಾ):
ಸರ್, ಒಂದು ಅನುಮಾನ. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ನೆವಿಲ್ ಭಾರತಕ್ಕೆ ಹೇಗೆ ಆಡಿದ?

ಉತ್ತರ (ಕೋಚ್):
ಮುಂಬೈ ದಾರಿಯಲ್ಲಿ. ಆಗ ಗೋವಾದ ಎಷ್ಟೋ ಮನೆಯವರು ದುಡಿಯಲು ಮುಂಬೈಗೆ ಹೋಗುತ್ತಿದ್ದರು, ಈಗ ನಾವು ಗದಗ, ಹಾವೇರಿ, ಬಾಗಲಕೋಟೆಯಿಂದ ಇಲ್ಲಿಗೆ ಬಂದ ಹಾಗೆ. ಮುಂಬೈಯಲ್ಲಿ ಕಂಪನಿ ಟೀಮುಗಳಿದ್ದವು. ಆಡುವ ಹುಡುಗನಿಗೆ ಕೆಲಸವೂ ಸಿಗುತ್ತಿತ್ತು, ಕೂಪರೇಜೂ ಸಿಗುತ್ತಿತ್ತು. 1962ರ ಚಿನ್ನದ ತಂಡದಲ್ಲಿದ್ದ ಫೋರ್ಚುನಾಟೊ ಫ್ರಾಂಕೊ ಕೂಡ ಕೊಲ್ವಾಳದವರು, ಮುಂಬೈಯಲ್ಲಿ ಬೆಳೆದವರು. 2021ರಲ್ಲಿ ತೀರಿಕೊಂಡರು. ಪೇಪರಿನಲ್ಲಿ ಓದಿದಾಗ, ಇಷ್ಟು ದಿನ ಇಷ್ಟು ಹತ್ತಿರದಲ್ಲೇ ಇದ್ದರಲ್ಲ, ಒಮ್ಮೆಯೂ ಹೋಗಿ ಮಾತಾಡಿಸಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಪ್ರಶ್ನೆ (ಪಣಜಿ):
ಬಂಗಾಳ, ಹೈದರಾಬಾದ್, ಗೋವಾ ಎಲ್ಲ ಆಯಿತು. ನಮ್ಮ ಕಡೆಯವರು ಯಾರೂ ಇರಲಿಲ್ವಾ? ಇಲ್ಲಿ ಆಫೀಸಿನಲ್ಲಿ ಎಲ್ಲರೂ, ನಿಮ್ಮ ಕರ್ನಾಟಕದವರಿಗೆ ಕ್ರಿಕೆಟ್ ಬಿಟ್ಟು ಏನು ಗೊತ್ತು ಅಂತ ಕಾಲೆಳೆಯುತ್ತಾರೆ.

ಉತ್ತರ (ಕೋಚ್):
ನಾಳೆ ಆಫೀಸಿಗೆ ಇದನ್ನು ಬರೆದುಕೊಂಡು ಹೋಗಿ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಹೊಡೆದವರು ಸಾರಂಗಪಾಣಿ ರಾಮನ್, 1948ರಲ್ಲಿ, ಆ ಫ್ರಾನ್ಸ್ ಮ್ಯಾಚಿನಲ್ಲಿ. ಬೆಂಗಳೂರಿನವರು. ಹೆಲ್ಸಿಂಕಿಯಲ್ಲಿ 10-1 ಆದಾಗ ಆ ಒಂದು ಯಾರದ್ದು? ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ "ಪಂಚ ಪಾಂಡವರು" ಅಂತ ಹೆಸರಾದ ಐದು ಫಾರ್ವರ್ಡುಗಳಲ್ಲಿ ಒಬ್ಬರು. ಮೆಲ್ಬರ್ನ್ ಮತ್ತು ರೋಮ್ ಎರಡೂ ಒಲಿಂಪಿಕ್ಸ್ ತಂಡದಲ್ಲಿ ಕೆಂಪಯ್ಯ ಇದ್ದರು. ಹೆಸರು ಕೇಳಿದರೆ ಸಾಕಲ್ವಾ, ಎಲ್ಲಿಯವರು ಅಂತ ಹೇಳಬೇಕಾ! ಜಕಾರ್ತದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ.

ಇನ್ನೂ ಹಿಂದಕ್ಕೆ ಹೋಗಿ. ರೋವರ್ಸ್ ಕಪ್ 1891ರಲ್ಲಿ ಶುರುವಾಗಿದ್ದು, ವರ್ಷಗಟ್ಟಲೆ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. ಅದನ್ನು ಮುರಿದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್, 1937ರಲ್ಲಿ. 1938ರಲ್ಲಿ ಮತ್ತೆ ಗೆದ್ದರು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು 1968-69ರ ಹೊತ್ತಿಗೆ ನಾಲ್ಕು ಸಲ ಗೆದ್ದಿತ್ತು. ಆಮೇಲೆ 54 ವರ್ಷ ಕಾದು 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯದ ಮೇಲೆ 3-2ಕ್ಕೆ ಗೆದ್ದಿದ್ದು ಕರ್ನಾಟಕ. ಬೆಂಗಳೂರಿನ ಗೌತಮಪುರಕ್ಕೆ ಹೋದರೆ ರಸ್ತೆಯಲ್ಲೇ ಪೆಲೆಯ ಪ್ರತಿಮೆ ಇದೆ. ಕ್ರಿಕೆಟ್ ಅಂತೆ, ಕ್ರಿಕೆಟ್.

ಪ್ರಶ್ನೆ (ವಾಸ್ಕೋ, ಬೈನಾ):
ಜಕಾರ್ತದ ಬಗ್ಗೆ ಎರಡು ಸಾಲು ಹೇಳಿ ಹಾರಿದಿರಿ ಸರ್.

ಉತ್ತರ (ಕೋಚ್):
ಬೇಕಂತಲೇ ಹಾರಿದೆ. ಶುರು ಮಾಡಿದರೆ ನಿಲ್ಲಿಸಲಾಗುವುದಿಲ್ಲ.

ಮೊದಲ ಮ್ಯಾಚಿನಲ್ಲೇ ದಕ್ಷಿಣ ಕೊರಿಯಾ ಎದುರು 2-0ಗೆ ಸೋತರು. ಆಮೇಲೆ ಥಾಯ್ಲೆಂಡ್, ಜಪಾನ್ ಎರಡನ್ನೂ ಗೆದ್ದರು. ಈ ನಡುವೆ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಹೊಲಿಗೆ ಹಾಕಿದ ತಲೆಯವನನ್ನು ಯಾವ ಕೋಚ್ ಆದರೂ ಹೊರಗೆ ಕೂರಿಸುತ್ತಾನೆ. ರಹೀಮ್ ಅವನನ್ನು ಫಾರ್ವರ್ಡ್ ಮಾಡಿದರು! ಸೆಮಿಫೈನಲ್ ದಕ್ಷಿಣ ವಿಯೆಟ್ನಾಂ ಮೇಲೆ 3-2. ಫೈನಲ್ ಸೆಪ್ಟೆಂಬರ್ 4ಕ್ಕೆ, ಮತ್ತೆ ಅದೇ ದಕ್ಷಿಣ ಕೊರಿಯಾ. ಸ್ಟೇಡಿಯಂ ಪೂರ್ತಿ ನಮ್ಮ ವಿರುದ್ಧ ಕೂಗುತ್ತಿತ್ತು, ಯಾಕೆಂದರೆ ಇಸ್ರೇಲ್ ಮತ್ತು ತೈವಾನನ್ನು ಗೇಮ್ಸ್‌ನಿಂದ ಹೊರಗಿಟ್ಟಿದ್ದನ್ನು ಭಾರತದ ಕ್ರೀಡಾಧಿಕಾರಿ ಸೋಂಧಿ ಬಹಿರಂಗವಾಗಿ ಟೀಕಿಸಿದ್ದರು, ಊರಿಗೆ ಊರೇ ಸಿಟ್ಟಾಗಿತ್ತು. ಆ ಗದ್ದಲದಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಮೂರು ನಿಮಿಷ ಬಿಟ್ಟು ತಲೆಗೆ ಹೊಲಿಗೆ ಹಾಕಿಸಿಕೊಂಡ ಜರ್ನೈಲ್ ಇನ್ನೊಂದು. 2-1. ಕ್ಯಾಪ್ಟನ್ ಚುನಿ ಗೋಸ್ವಾಮಿ.

ರಹೀಮ್ ಅವರಿಗೆ ಆಗಲೇ ಕ್ಯಾನ್ಸರ್. 1963ರ ಜೂನ್‌ನಲ್ಲಿ ಹೋಗಿಬಿಟ್ಟರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಆಮೇಲೆ ನಮಗೆ ಚಿನ್ನ ಬಂದಿಲ್ಲ.

ಪ್ರಶ್ನೆ (ಫೋಂಡಾ):
ಸರ್ ಕ್ಷಮಿಸಿ, ಒಬ್ಬ ಮನುಷ್ಯ ಸತ್ತ ಅಂತ ಇಡೀ ದೇಶದ ಫುಟ್‌ಬಾಲ್ ಬಿದ್ದುಹೋಯಿತು ಅಂದರೆ ನಂಬುವುದು ಕಷ್ಟ. ಎಲ್ಲ ರಾಜಕೀಯ, ದುಡ್ಡು, ಕ್ರಿಕೆಟ್. ಅಷ್ಟೇ.

ಉತ್ತರ (ಕೋಚ್):
ನಿಮ್ಮ ಮಾತಿನಲ್ಲಿ ಅರ್ಧ ನಿಜ. ತಕ್ಷಣ ಬೀಳಲೂ ಇಲ್ಲ. 1964ರ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ, 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಜಪಾನನ್ನು ಸೋಲಿಸಿ ಕಂಚು. ಕ್ರಿಕೆಟ್ ಅಂತೀರಿ, ಕಪಿಲ್ ದೇವ್ ಕಪ್ ಎತ್ತಿದ್ದು 1983ರಲ್ಲಿ. ನಾವು ಅದಕ್ಕೆ ಹತ್ತು ವರ್ಷ ಮೊದಲೇ ಕೆಳಗೆ ಇಳಿದಾಗಿತ್ತು. ಹಾಗಾಗಿ ಕ್ರಿಕೆಟ್ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ.

ನನ್ನ ಕಸುಬಿನ ಕಣ್ಣಿಗೆ ಕಾಣುವುದು ಒಂದು ಸಣ್ಣ ವಿಷಯ. ಪ್ರಪಂಚವೆಲ್ಲ 90 ನಿಮಿಷ ಆಡುತ್ತಿದ್ದಾಗ ನಮ್ಮ ದೇಶದೊಳಗಿನ ಮ್ಯಾಚುಗಳು 70 ನಿಮಿಷ. ಹೌದು, 35 ಮತ್ತು 35. 1970ರ ದಶಕ ಬರುವವರೆಗೂ ಹೀಗೇ ಇತ್ತು. ಈಗ ಯೋಚಿಸಿ, ವರ್ಷಪೂರ್ತಿ 70 ನಿಮಿಷಕ್ಕೆ ಒಗ್ಗಿದ ದೇಹ, ಕೊರಿಯಾದವನ ಎದುರು 71ನೇ ನಿಮಿಷದಲ್ಲಿ ಏನು ಮಾಡುತ್ತದೆ? ಉಸಿರು ಬಿಡುತ್ತದೆ. ನಾನು ಇಲ್ಲಿ ಹದಿಮೂರು ವರ್ಷದ ಮಕ್ಕಳನ್ನು ನೋಡುತ್ತೇನೆ, ಅಭ್ಯಾಸ 50 ನಿಮಿಷ ಮಾಡಿಸಿದರೆ ಮ್ಯಾಚಿನಲ್ಲಿ 51ನೇ ನಿಮಿಷಕ್ಕೆ ಸೊಂಟಕ್ಕೆ ಕೈ. ರಹೀಮ್ ಇದ್ದಾಗ ಕ್ಯಾಂಪಿನಲ್ಲಿ ದುಡಿಸಿ ಆ ಕೊರತೆ ಮುಚ್ಚುತ್ತಿದ್ದರು. ಅವರು ಹೋದ ಮೇಲೆ ಅದನ್ನು ಮುಚ್ಚುವವರು ಇರಲಿಲ್ಲ, ಆಟದ ಏರ್ಪಾಡೂ ಬದಲಾಗಲಿಲ್ಲ. ಜಪಾನ್, ಕೊರಿಯಾದವರು ಆ ಹೊತ್ತಿನಲ್ಲಿ ಲೀಗು ಕಟ್ಟಿದರು, ಮಕ್ಕಳಿಗೆ ಕೋಚ್ ಇಟ್ಟರು. ನಮ್ಮ ನ್ಯಾಷನಲ್ ಲೀಗ್ ಶುರುವಾಗಿದ್ದು 1996ರಲ್ಲಿ! ಒಲಿಂಪಿಕ್ಸ್‌ನಲ್ಲಿ ನಾವು ಕೊನೆಯ ಸಲ ಆಡಿದ್ದು 1960ರಲ್ಲಿ.

ನನ್ನದೇ ಒಂದು ಉದಾಹರಣೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಮುಂಬೈಯ ಒಂದು ಕ್ಲಬ್ಬಿಗೆ ಟ್ರಯಲ್ ಕೊಡಲು ಹೋಗಿದ್ದೆ. ಮೂರು ದಿನ ಬರೀ ಮೈದಾನ ಸುತ್ತಿಸಿದರು. ಚೆಂಡು ಮುಟ್ಟಲಿಲ್ಲ. ನಾಲ್ಕನೇ ದಿನ "ಹೈಟ್ ಕಮ್ಮಿ" ಅಂದರು. ಅದನ್ನು ಮೊದಲ ದಿನವೇ ಹೇಳಬಹುದಿತ್ತು ಪುಣ್ಯಾತ್ಮರು.

ಪ್ರಶ್ನೆ (ಮಡಗಾಂವ, ಅದೇ ಅಪ್ಪ):
ಇಷ್ಟೆಲ್ಲ ಕೇಳಿದ ಮೇಲೆ ಮಗ ಕೊನೆಯದಾಗಿ ಒಂದು ಕೇಳುತ್ತಿದ್ದಾನೆ. ಅಷ್ಟು ಹಳೆಯದು ಬೇಡ, ನನ್ನ ಕಾಲದ್ದು ಏನಾದರೂ ಇದೆಯಾ ಅಂತ. ನನ್ನ ಹೆಂಡತಿಯದ್ದು ಬೇರೆ ಪ್ರಶ್ನೆ: ಸೋಲುವ ಟೀಮ್ ನೋಡಲು ದುಡ್ಡು ಕೊಟ್ಟು ಯಾಕೆ ಹೋಗ್ತೀರಿ?

ಉತ್ತರ (ಕೋಚ್):
ಮಗನಿಗೆ: 2023ರ ಸ್ಯಾಫ್ ಕಪ್ (ದಕ್ಷಿಣ ಏಷ್ಯಾದ ಟೂರ್ನಮೆಂಟ್) ಫೈನಲ್, ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಕುವೈತ್ ಜೊತೆ 1-1, ಪೆನಾಲ್ಟಿಯಲ್ಲಿ 5-4. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ಮೇಲೆ 4-1. ಅದೇ ಟೂರ್ನಮೆಂಟಿನಲ್ಲಿ ಬಹ್ರೇನ್ ಎದುರು ಒಂದು ಡ್ರಾ ಸಿಕ್ಕಿದ್ದರೆ ಸಾಕಿತ್ತು, 90 ನಿಮಿಷ ದಾಟಿದ ಮೇಲೆ ಪೆನಾಲ್ಟಿ ಕೊಟ್ಟು ಸೋತರು. ಅದನ್ನು ಹುಡುಗನಿಗೆ ಹೇಳಬೇಡಿ, ಇನ್ನೂ ಚಿಕ್ಕವನು.

ಮನೆಯವರಿಗೆ: 2018ರ ಜೂನ್‌ನಲ್ಲಿ ನಾನು ಇನ್ನೂ ಮುಂಬೈಯಲ್ಲಿದ್ದೆ. ಅಂಧೇರಿಯಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್, ಮೊದಲ ಮ್ಯಾಚ್ ಚೈನೀಸ್ ತೈಪೆ ಮೇಲೆ. 5-0 ಗೆದ್ದರು, ಕ್ಯಾಪ್ಟನ್ ಸುನಿಲ್ ಛೆಟ್ರಿ ಹ್ಯಾಟ್ರಿಕ್. ನೋಡಲು ಬಂದವರು 2,569 ಜನ. ಅದರಲ್ಲಿ ನಾನೂ ಒಬ್ಬ, ಪಕ್ಕದ ಎಂಟು ಕುರ್ಚಿ ಖಾಲಿ, ಕಾಲು ಚಾಚಿ ಕೂತಿದ್ದೆ. ಮರುದಿನ ಛೆಟ್ರಿ ವಿಡಿಯೋ ಹಾಕಿದ, ಬನ್ನಿ, ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ ಕೈಮುಗಿದು. ಅವನ ನೂರನೇ ಮ್ಯಾಚ್ ಜೂನ್ 4ಕ್ಕೆ, ಕೀನ್ಯಾ ಮೇಲೆ, ಜೋರು ಮಳೆ, 3-0, ಸ್ಟೇಡಿಯಂ ತುಂಬಿ ತುಳುಕಿತು. ನನಗೆ ಟಿಕೆಟ್ ಸಿಗಲಿಲ್ಲ.