ಪದಚರ್ಚೆ: ಇಂಗ್ಲೆಂಡಿನ ‘ಸಾಲಿಸಿಟರ್’ ನಮ್ಮ ವಕೀಲರೇ? ಜೊತೆಗೆ ಸರ್ವೆ, ಲೀಸ್, ಎಕ್ಸ್‌ಚೇಂಜ್

ಬಳಗದವರಿಗೆ ನಮಸ್ಕಾರ.

ಇಂಗ್ಲೆಂಡಿನಲ್ಲಿ ಮೊದಲ ಸಲ ಮನೆ ಕೊಳ್ಳುವ ಕನ್ನಡಿಗರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅವರಿಗಿಂತ ಹೆಚ್ಚಾಗಿ ಅದು ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಬೇಕು. ಮಗಳ ಮನೆಗೆಂದು ಇಲ್ಲಿಂದ ದುಡ್ಡು ಕೊಟ್ಟರೆ, ಅಲ್ಲಿನ ಸಾಲಿಸಿಟರ್ ಇವರ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಗುರುತಿನ ದಾಖಲೆ ಕೇಳುತ್ತಾರೆ. ಇದು ಸಾಲವಲ್ಲ, ಉಡುಗೊರೆ, ಮನೆಯಲ್ಲಿ ನಮಗೆ ಪಾಲು ಬೇಡ ಎಂದು ಬರೆದು ಸಹಿ ಮಾಡಿ ಎನ್ನುತ್ತಾರೆ. ‘ನಿನ್ನ ವಕೀಲನಿಗೆ ನನ್ನ ಪಾಸ್‌ಬುಕ್ ಯಾಕೆ?’ ಎಂದು ಶಿವಮೊಗ್ಗದಲ್ಲಿ ಕೂತ ತಂದೆ ಸಿಟ್ಟಾದರೆ ತಪ್ಪಿಲ್ಲ. ಅಕ್ರಮ ಹಣ ತಡೆಯುವ ಕಾನೂನಿನಂತೆ, ದುಡ್ಡಿನ ಮೂಲ ಕೇಳುವುದು ಅಲ್ಲಿ ಸಾಲಿಸಿಟರ್ ತಲೆಯ ಮೇಲಿನ ಹೊಣೆ. ಇದನ್ನು ಕನ್ನಡದಲ್ಲಿ ಹೇಳಲು ಕೂತಾಗ ಮೊದಲ ಪದಕ್ಕೇ ಕೈ ನಿಂತಿತು.

‘ವಕೀಲ’ ಎನ್ನಬಹುದೇ? ಅರಬಿ ಮೂಲದಲ್ಲಿ ಅದಕ್ಕೆ ಇನ್ನೊಬ್ಬರ ಪರವಾಗಿ ನಡೆದುಕೊಳ್ಳುವವನು ಎಂಬ ಅರ್ಥವಿದೆ. ಆ ಲೆಕ್ಕದಲ್ಲಿ ಸರಿಯೇ. ಆದರೆ ಈಗ ನಮ್ಮ ಕಿವಿಗೆ ವಕೀಲ ಅಂದರೆ ಕೋರ್ಟು, ಕರಿ ಕೋಟು. ಮನೆ ಕೊಳ್ಳುವ ಕೆಲಸದಲ್ಲಿ ಸಾಲಿಸಿಟರ್ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ‘ಪತ್ರ ಬರಹಗಾರ’ ಎಂದರೂ ಆಗದು. ನಮ್ಮಲ್ಲಿ ಒಬ್ಬರೇ ಕೂತು ಇಬ್ಬರಿಗೂ ಕ್ರಯಪತ್ರದ ಒಕ್ಕಣೆ ಬರೆದುಕೊಡುವುದುಂಟು. ಅಲ್ಲಿ ಕೊಳ್ಳುವವರಿಗೆ ಒಬ್ಬರು, ಮಾರುವವರಿಗೆ ಇನ್ನೊಬ್ಬರು. ಅದೂ ಅಲ್ಲದೆ ಮನೆಯ ದುಡ್ಡೆಲ್ಲ ಸಾಲಿಸಿಟರ್ ಖಾತೆಯ ಮೂಲಕವೇ ಹೋಗುತ್ತದೆ. ಹಾಗಾಗಿ ‘ಸಾಲಿಸಿಟರ್’ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಾಗ ‘ಮನೆ ಪತ್ರ ಮತ್ತು ಹಣದ ವ್ಯವಹಾರ ನೋಡಿಕೊಳ್ಳುವ ವಕೀಲರು’ ಎಂದು ಬಿಡಿಸಿ ಹೇಳುವುದು ನನ್ನ ಯೋಚನೆ.

ಇದೇ ಕೆಲಸ ಮಾಡುವ ಇನ್ನೊಂದು ಜಾತಿಯವರಿದ್ದಾರೆ, ಲೈಸೆನ್ಸ್ಡ್ ಕನ್ವೇಯನ್ಸರ್. 1985ರ ಕಾನೂನು ಇವರಿಗೆ ದಾರಿ ಮಾಡಿಕೊಟ್ಟಿತು. ಆಸ್ತಿಯ ಒಡೆತನ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ‘ಕನ್ವೇಯನ್ಸಿಂಗ್’ಗೆ ನಮ್ಮಲ್ಲಿ ಪದ ರೆಡಿ ಇದೆಯಲ್ಲ, ‘ಪರಭಾರೆ’. ‘ಈ ಜಮೀನು ಪರಭಾರೆ ಮಾಡುವಂತಿಲ್ಲ’ ಎಂದು ಸರ್ಕಾರಿ ಕಾಗದದಲ್ಲಿ ಓದಿರುತ್ತೇವೆ. ಆದರೆ ‘ಪರಭಾರೆಗಾರ’ ಅಂದರೆ ಯಾರೋ ಆಸ್ತಿ ಲಪಟಾಯಿಸಿದ ಹಾಗೆ ಕೇಳುತ್ತದೆ! ನಿಮಗೂ ಹಾಗೇ ಅನಿಸುತ್ತದಾ?

ನಿಜವಾದ ತೊಂದರೆ ಹೊಸ ಪದಗಳದ್ದಲ್ಲ. ಗೊತ್ತಿಲ್ಲದ ಪದ ಬಂದರೆ ಓದುಗರು ಕೇಳುತ್ತಾರೆ. ಗೊತ್ತಿದೆ ಅಂದುಕೊಂಡ ಪದವೇ ಮೋಸ ಮಾಡುವುದು.

‘ಸರ್ವೆ’ ನೋಡಿ. ನಮಗೆ ಸರ್ವೆ ಅಂದರೆ ಅಳತೆ, ಸರ್ವೆ ನಂಬರ್, ಹದ್ದುಬಸ್ತು. ಅಲ್ಲಿ ಮನೆ ಸರ್ವೆ ಅಂದರೆ ಗೋಡೆ ಬಿರುಕು ಬಿಟ್ಟಿದೆಯಾ, ಸೂರು ಸೋರುತ್ತದಾ, ತೇವ ಏರಿದೆಯಾ ಎಂದು ಕಟ್ಟಡ ನೋಡುವುದು. ಅದನ್ನು ಮಾಡುವವರು ಸರ್ವೇಯರ್. ಸಾಲಿಸಿಟರ್ ಸಾಮಾನ್ಯವಾಗಿ ಮನೆಯನ್ನು ಕಣ್ಣಿಂದ ನೋಡುವುದೇ ಇಲ್ಲ. ಚಕ್ಕುಬಂದಿಯ ಕಥೆಯೂ ಹಾಗೇ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಎಂದು ನಮ್ಮ ಪತ್ರದಲ್ಲಿ ಇರುತ್ತದೆ. ಅಲ್ಲಿ ಲ್ಯಾಂಡ್ ರಿಜಿಸ್ಟ್ರಿಯ (ಆಸ್ತಿಯ ಒಡೆತನ ದಾಖಲಿಸುವ ಸರ್ಕಾರಿ ಕಚೇರಿ) ನಕ್ಷೆಯಲ್ಲಿ ಕೆಂಪು ಗೆರೆ ಇರುತ್ತದೆ. ಅದು ಬಹುಮಟ್ಟಿಗೆ ಅಂದಾಜು ಗಡಿ ಮಾತ್ರ. ಬೇಲಿ ಬೇರೆ ಕಡೆ ಕಂಡರೆ ಸಾಲಿಸಿಟರಿಗೆ ನೀವೇ ಹೇಳಬೇಕು.

‘ಲೀಸ್’ ಇನ್ನೂ ಕಷ್ಟ. ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ ಇದೆ’ ಅಂದರೆ ಭೋಗ್ಯ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಡುವುದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ದುಡ್ಡು ವಾಪಸ್ ತೆಗೆದುಕೊಂಡು ಹೊರಡುವುದು. ಅಲ್ಲಿ ಲೀಸ್‌ಹೋಲ್ಡ್ ಅಂದರೆ ಕೊಂಡುಕೊಂಡ ಮನೆಯೇ, ಆದರೆ 99, 125 ಅಥವಾ 999 ವರ್ಷದಂಥ ಅವಧಿಗೆ. ಫ್ಲ್ಯಾಟ್‌ಗಳು ಹೆಚ್ಚಾಗಿ ಹೀಗೇ ಮಾರಾಟವಾಗುತ್ತವೆ. ನೆಲದ ಒಡೆಯರು ಬೇರೆ ಇರುತ್ತಾರೆ, ನಿರ್ವಹಣೆ ಖರ್ಚು ಪ್ರತಿ ವರ್ಷ ಬರುತ್ತದೆ. ಅವಧಿ 80 ವರ್ಷಕ್ಕಿಂತ ಕೆಳಗೆ ಇಳಿಯಿತು ಅಂದರೆ ಅದನ್ನು ವಿಸ್ತರಿಸುವ ಖರ್ಚು ಜಾಸ್ತಿ, ಸಾಲ ಕೊಡುವವರೂ ಹಿಂದೆ ಮುಂದೆ ನೋಡುತ್ತಾರೆ. ಸಾಲಿಸಿಟರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ‘ಇನ್ನು ಎಷ್ಟು ವರ್ಷ ಉಳಿದಿದೆ?’ ‘ಭೋಗ್ಯ’ ಎಂದು ಬರೆದರೆ ಅನಾಹುತ. ‘ಗುತ್ತಿಗೆ’ ಸ್ವಲ್ಪ ಹತ್ತಿರ, ಸರ್ಕಾರಿ ಜಾಗ 99 ವರ್ಷ ಗುತ್ತಿಗೆಗೆ ಕೊಟ್ಟರು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ. ನಾನು ಸದ್ಯಕ್ಕೆ ‘ಅವಧಿ ಒಡೆತನ’ ಎಂದು ಹಾಕಿದ್ದೇನೆ, ಫ್ರೀಹೋಲ್ಡ್‌ಗೆ ‘ಪೂರ್ಣ ಒಡೆತನ’.

ಇನ್ನು ‘ಅಗ್ರಿಮೆಂಟ್’. ನಮ್ಮಲ್ಲಿ ಮುಂಗಡ ಕೊಟ್ಟು ಅಗ್ರಿಮೆಂಟ್ ಆಯಿತು ಅಂದರೆ ಅರ್ಧ ಮನೆ ನಮ್ಮದಾದ ಹಾಗೆ. ಇಂಗ್ಲೆಂಡಿನಲ್ಲಿ ನೀವು ಹೇಳಿದ ಬೆಲೆಗೆ ಮಾಲೀಕರು ಒಪ್ಪಿದರೂ ಅದು ಬರೀ ಬಾಯಿಮಾತು. ಸಾಲಿಸಿಟರ್ ವಾರಗಟ್ಟಲೆ ದಾಖಲೆ ನೋಡುತ್ತಿರುವಾಗ ಇನ್ಯಾರೋ ಜಾಸ್ತಿ ಕೊಡುತ್ತೇನೆಂದು ಬಂದರೆ ಮಾಲೀಕರು ಅತ್ತ ವಾಲಬಹುದು. ಇದಕ್ಕೆ ಅವರಲ್ಲಿ ‘ಗಜಂಪಿಂಗ್’ ಎಂಬ ಪದವೇ ಇದೆ. ಇಬ್ಬರೂ ಕಟ್ಟುಬೀಳುವುದು ‘ಎಕ್ಸ್‌ಚೇಂಜ್’ ದಿನ. ಒಂದೇ ಕರಾರಿನ ಎರಡು ಪ್ರತಿಗೆ ಇಬ್ಬರೂ ಬೇರೆ ಬೇರೆ ಸಹಿ ಮಾಡಿರುತ್ತಾರೆ. ಈಗ ಆ ಕಾಗದಗಳು ಕೈಬದಲಾಗುವುದೂ ಇಲ್ಲ. ಇಬ್ಬರು ಸಾಲಿಸಿಟರುಗಳು ಫೋನಿನಲ್ಲಿ ಮಾತಾಡಿ, ದಿನಾಂಕ ಹಾಕಿ, ‘ಆಯಿತು’ ಎಂದರೆ ಆಯಿತು. ಸಾಮಾನ್ಯವಾಗಿ ಬೆಲೆಯ ಶೇ 10 ಆಗ ಕಟ್ಟುವುದು. ಆಮೇಲೆ ಕೊಳ್ಳುವವರು ಹಿಂದೆ ಸರಿದರೆ ಅದು ಹೋದ ಹಾಗೆ. ‘ವಿನಿಮಯ’ ಎಂದು ಬರೆದರೆ ಕರೆನ್ಸಿ ನೆನಪಾಗುತ್ತದೆ, ಕಟ್ಟುಬೀಳುವ ಭಾರ ಅದರಲ್ಲಿ ಬರುವುದಿಲ್ಲ. ‘ಕರಾರು ಗಟ್ಟಿಯಾಗುವ ದಿನ’ ಎಂದರೆ ಹೇಗೆ? (ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ಅದನ್ನು ಈ ಕೈಪಿಡಿಗೆ ಎಳೆಯುತ್ತಿಲ್ಲ.)

‘ಕಂಪ್ಲೀಷನ್’ ಅಂದರೆ ಬಾಕಿ ಹಣ ಹೋಗಿ ಬೀಗದ ಕೈ ಬರುವ ದಿನ. ‘ರಿಜಿಸ್ಟ್ರೇಷನ್ ದಿನ’ ಎನ್ನುವಂತಿಲ್ಲ. ಅಲ್ಲಿ ಯಾರೂ ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಹೆಬ್ಬೆಟ್ಟು, ಫೋಟೊ ಕೊಡುವುದಿಲ್ಲ. ಹೆಸರು ದಾಖಲಾಗುವುದು ಆಮೇಲೆ, ಅದೂ ಸಾಲಿಸಿಟರ್ ಮೂಲಕ. ಸ್ಟ್ಯಾಂಪ್ ಡ್ಯೂಟಿ ಲೆಕ್ಕವನ್ನು ಕಂಪ್ಲೀಷನ್ ಆದ 14 ದಿನದೊಳಗೆ ಸಲ್ಲಿಸಿ ಕಟ್ಟಬೇಕು. ನಮ್ಮಲ್ಲಿ ನೋಂದಣಿಯಾಗುವುದು ಪತ್ರ. ಅಲ್ಲಿ ನೋಂದಣಿಯಾಗುವುದು ಒಡೆತನವೇ. ಅದಕ್ಕೇ ನಮ್ಮ ವಕೀಲರು ಮೂಲಪತ್ರ, ಇ.ಸಿ. ಎಂದು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಾರೆ, ಅಲ್ಲಿನವರು ಮೊದಲು ರಿಜಿಸ್ಟರ್ ಓದುತ್ತಾರೆ.

ಸಾಲಿಸಿಟರ್ ಆಯ್ಕೆಯ ಅಧ್ಯಾಯದಲ್ಲಿ ಪದದ ಗೊಂದಲ ಕಡಿಮೆ. ಮನೆ ತೋರಿಸಿದ ಏಜೆಂಟ್ ಸೂಚಿಸಿದವರನ್ನೇ ಹಿಡಿಯಬೇಕಿಲ್ಲ, ಅದರಲ್ಲಿ ಏಜೆಂಟಿಗೆ ಕಮಿಷನ್ ಇರಬಹುದು. ಸಾಲಿಸಿಟರುಗಳ ಮೇಲೆ ನಿಗಾ ಇಡುವ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಹೆಸರು ನೋಡಿ. ಸಾಲ ಕೊಡುವ ಬ್ಯಾಂಕ್ ಒಪ್ಪಿದ ಪಟ್ಟಿಯಲ್ಲಿದ್ದಾರಾ ಕೇಳಿ. ಫೈಲ್ ನಿಜಕ್ಕೂ ಯಾರ ಕೈಯಲ್ಲಿರುತ್ತದೆ, ಅವರು ರಜೆ ಹೋದರೆ ಯಾರು ಅಂತಲೂ ಕೇಳಿ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಇಮೇಲ್ ಬಂದರೆ ದುಡ್ಡು ಕಳಿಸಬೇಡಿ, ಮೊದಲಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ. ಈ ಮೋಸ ಅಲ್ಲಿ ಮಾಮೂಲು.

ಒಂದೇ ಪದ ಸಿಕ್ಕಿಹಾಕಿಕೊಂಡಿದೆ, ‘ಡಿಸ್ಬರ್ಸ್‌ಮೆಂಟ್ಸ್’. ಕೌನ್ಸಿಲ್, ನೀರಿನ ಕಂಪನಿ, ಲ್ಯಾಂಡ್ ರಿಜಿಸ್ಟ್ರಿಗೆಲ್ಲ ನಿಮ್ಮ ಪರವಾಗಿ ಸಾಲಿಸಿಟರ್ ಕಟ್ಟುವ ಹಣ ಅದು, ಅವರ ಫೀಸ್ ಬೇರೆ. ಬೆಲೆ ವಿಚಾರಿಸುವಾಗ ಎರಡನ್ನೂ ಕೇಳಬೇಕು. ನಾನು ‘ಇತರೆ ಖರ್ಚು’ ಎಂದು ಬರೆದೆ. ಓದಿದವರೆಲ್ಲ ‘ಅಲ್ಲೂ ಕೊಡಬೇಕಾ?’ ಎಂದು ನಕ್ಕರು. ಲಂಚದ ವಾಸನೆ ಇಲ್ಲದ ಪದ ಯಾರಾದರೂ ಹೇಳಿ.

ಮುಂಬೈ ಕನ್ನಡಿಗರಿಗೆ ಒಂದು ವಿಶೇಷ ಪ್ರಶ್ನೆ. ಅಲ್ಲಿನ ಹೈಕೋರ್ಟಿನಲ್ಲಿ ಬ್ರಿಟಿಷರ ಕಾಲದಿಂದ ವಾದ ಮಾಡುವವರು ಬೇರೆ, ಕಾಗದಪತ್ರ ನೋಡುವ ಸಾಲಿಸಿಟರ್ ಬೇರೆ ಎಂಬ ರೂಢಿ ಇತ್ತು. ನಿಮ್ಮ ಮನೆಯ ಹಿರಿಯರು ಅವರನ್ನು ಏನೆಂದು ಕರೆಯುತ್ತಿದ್ದರು? ಹಳೆಯ ಕಾಗದದಲ್ಲಿ ಕನ್ನಡ ಪದವೇನಾದರೂ ಕಂಡಿದ್ದರೆ ದಯವಿಟ್ಟು ಅದರ ವಾಕ್ಯದ ಸಮೇತ ಬರೆಯಿರಿ.