ಮೆಟ್ಟಿಲ ಕೆಳಗಿನ ಸೈಕಲನ್ನು ಮಾರಬೇಡ

ಪುಟ್ಟ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾದೀತು ಎಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪೂರ್ತಿ ಕೇಳು. ಅತ್ತಿಗೆಗೂ ಉತ್ತರ ಕೊಡಬೇಕಾಗಿದೆ, ಅದಕ್ಕೇ ಗುಂಪಿಗೇ ಕಳುಹಿಸುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಬನಶಂಕರಿಯಿಂದ ರಿಚ್ಮಂಡ್ ಟೌನಿನ ಕಚೇರಿಗೆ ಸೈಕಲ್ ತುಳಿದುಕೊಂಡು ಹೋಗಬೇಕು. ಕಾಲೇಜಿನಲ್ಲಿದ್ದಾಗ ಕೊಂಡ ಗೇರ್ ಸೈಕಲನ್ನು ಹೋದ ವಾರ ತುಳಿದರೆ ಮಂಡಿ ನೋವು ಬಂತು. ಆದ್ದರಿಂದ ಅದನ್ನು ಮಾರಿ, 38,000 ರೂಪಾಯಿಯ ದಪ್ಪ ಟೈರಿನ ಸೈಕಲ್ ಕೊಳ್ಳಲೇ ಎಂದು. ಅದರ ಕೆಳಗೇ ಅತ್ತಿಗೆ ಬರೆದಿದ್ದಾರೆ: ಈ ಊರಿನ ರಸ್ತೆಯಲ್ಲಿ ಸೈಕಲ್ಲೇ ಬೇಡ, ನನಗೆ ನಿದ್ದೆ ಬರುವುದಿಲ್ಲ.

ಮೊದಲು ಮಂಡಿಯ ಮಾತು. ಅಣ್ಣ ಹಾಕಿದ ಫೋಟೊದಲ್ಲಿ ನೀನು ತುಳಿಯುವುದನ್ನು ನೋಡಿದೆ. ಪೆಡಲ್ ಮೇಲೆ ಬಂದಾಗ ನಿನ್ನ ಮಂಡಿ ಹೆಚ್ಚುಕಡಿಮೆ ಹೊಟ್ಟೆಗೆ ತಾಗುತ್ತಿದೆ. ನಿನ್ನ ತಂಗಿ ಕಲಿಯಲೆಂದು ಆ ಸೀಟನ್ನು ಇಳಿಸಿದವಳು ನಾನೇ. ಅದು ಇನ್ನೂ ಅಲ್ಲೇ ಇದೆ! ಅಷ್ಟು ತಗ್ಗಿನ ಸೀಟಿನಲ್ಲಿ ಯಾರು ತುಳಿದರೂ ಮಂಡಿಯ ಮುಂಭಾಗ ನೋಯುತ್ತದೆ. ಗೋಡೆಗೆ ಕೈ ಊರಿಕೊಂಡು ಸೀಟಿನ ಮೇಲೆ ಕುಳಿತುಕೋ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಕ್ಕೆ ತಿರುಗಿಸು. ಆಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಮುಂಗಾಲಿನಿಂದ ತುಳಿಯುತ್ತೇವಲ್ಲ, ಆಗ ಮಂಡಿ ತುಸುವೇ ಬಾಗಿರುತ್ತದೆ. ಅಷ್ಟೇ ಲೆಕ್ಕ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಕೊರೆದಿರುತ್ತಾರೆ, ಅದು ಹೊರಗೆ ಕಾಣಿಸುವಷ್ಟು ಎತ್ತರಕ್ಕೆ ಎತ್ತಬೇಡ.

ಇನ್ನು ಆ ದಪ್ಪ ಟೈರು. ನಾಲ್ಕು ಇಂಚಿನ ಟೈರನ್ನು ಮಾಡಿದ್ದು ಮರಳಿನಲ್ಲಿ, ಹಿಮದಲ್ಲಿ ಚಕ್ರ ಹೂತುಹೋಗದಿರಲಿ ಎಂದು. ನಮ್ಮ ಡಾಂಬರು ರಸ್ತೆಯಲ್ಲಿ ಅದು ಸುಮ್ಮನೆ ಹೊರೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಮೋಟಾರು ವಾಹನ ಬಿಡುವುದಿಲ್ಲವಲ್ಲ, ಅಲ್ಲಿ ಒಬ್ಬರದನ್ನು ಕೇಳಿ ಒಂದು ಸುತ್ತು ಹಾಕಿದ್ದೆ. ಸಮತಟ್ಟಿನಲ್ಲಿ ಗಂಭೀರವಾಗಿ ಹೋಯಿತು. ಸಣ್ಣ ಏರು ಬಂದದ್ದೇ ತಡ, ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು. ಬೆಂಗಳೂರು ಸಪಾಟಾದ ಊರು ಎಂದು ಕಾರಿನಲ್ಲಿ ಕುಳಿತವರಿಗೆ ಅನ್ನಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತು, ಒಂದು ಮಗ್ಗುಲಿನ ನೀರನ್ನು ವೃಷಭಾವತಿ ನದಿಗೂ ಇನ್ನೊಂದು ಮಗ್ಗುಲಿನದನ್ನು ಕೋರಮಂಗಲದ ಕಣಿವೆಗೂ ಹರಿಸುವ ಊರು ಇದು. ಪ್ರತಿ ಅರ್ಧ ಕಿಲೋಮೀಟರಿಗೂ ಏರು ಅಥವಾ ಇಳಿವು. ಕೆರೆಗಳೆಲ್ಲ ಎಲ್ಲಿದ್ದವು ಎಂಬುದು ನನಗೆ ಗೊತ್ತಾದದ್ದೇ ಕಾಲಿನಿಂದ.

ಹಾಗಾಗಿ ಗೇರ್ ಬೇಕು, ಆದರೆ ಅಂಗಡಿಯವರು ಹೇಳುವ ಸಂಖ್ಯೆಗೆ ಬೆರಗಾಗಬೇಡ. ನಿನ್ನ ಹಳೆಯದರಲ್ಲಿ 21 ಗೇರ್ ಇವೆ, ಅಂದರೆ ಮುಂದೆ 3, ಹಿಂದೆ 7 ಹಲ್ಲುಗಾಲಿ. ಮುಂದೆ 42 ಹಲ್ಲು, ಹಿಂದೆ 28 ಹಲ್ಲಿನ ಮೇಲೆ ಚೈನ್ ಇದ್ದರೆ ಪೆಡಲಿನ ಒಂದು ಪೂರ್ತಿ ಸುತ್ತಿಗೆ ಚಕ್ರ ಒಂದೂವರೆ ಸುತ್ತು. ಮುಂದೆ 24, ಹಿಂದೆ 16 ಇದ್ದರೂ ಅದೇ ಒಂದೂವರೆ. ಹೀಗೆ ಎಷ್ಟೋ ಗೇರ್‌ಗಳು ಒಂದರ ಮೇಲೊಂದು ಬೀಳುತ್ತವೆ. ಚೈನನ್ನು ಮುಂದಿನ ಮೂರರಲ್ಲಿ ನಡುವಿನ 34 ಹಲ್ಲಿನದರ ಮೇಲೇ ಇಟ್ಟುಕೊಂಡು ಹಿಂದಿನವನ್ನಷ್ಟೇ ಬದಲಿಸುತ್ತಿದ್ದರೆ ಕಚೇರಿಯ ದಾರಿಗೆ ಸಾಕು. ಏರು ಶುರುವಾಗುವ ಮೊದಲೇ ಗೇರ್ ಇಳಿಸು. ಏರಿನ ನಡುವೆ ಬಲವಾಗಿ ತುಳಿಯುತ್ತಾ ಬದಲಿಸಿದರೆ ಚೈನ್ ಕಟಕಟನೆ ಗೋಳಾಡುತ್ತದೆ, ಒಮ್ಮೊಮ್ಮೆ ಕಳಚಿಯೂ ಬೀಳುತ್ತದೆ.

ನಿನ್ನ ಸೈಕಲಿಗೆ ಖರ್ಚು ಮಾಡಬೇಕಾದ ಕಡೆ ಮಾಡೋಣ. ಎರಡೂ ಟೈರು, ಟ್ಯೂಬು, ಬ್ರೇಕ್ ಶೂ, ಚೈನು, ಮಳೆಗೆ ಮಡ್‌ಗಾರ್ಡು, ಬೆನ್ನಿಗೆ ಚೀಲ ಹೊರದಂತೆ ಒಂದು ಕ್ಯಾರಿಯರ್. ಬೆನ್ನ ಮೇಲೆ ಲ್ಯಾಪ್‌ಟಾಪ್ ಹೊತ್ತರೆ ಅಂಗಿ ಪೂರ್ತಿ ಒದ್ದೆಯಾಗುತ್ತದೆ. ಟೈರ್ ಹಾಕಿಸುವಾಗ ಮೋಟಾರ್ ಸೈಕಲಿಗಿರುವಂಥ ವಾಲ್ವ್ ಇರುವ ಟ್ಯೂಬನ್ನೇ ಕೇಳು, ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತದೆ. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ತುಂಬಿಸು. ಗಾಳಿ ಕಡಿಮೆಯಿದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಕಚ್ಚಿದಂತೆ ತೂತಾಗುತ್ತದೆ.

ಪಂಕ್ಚರ್ ಹಾಕುವುದನ್ನು ಭಾನುವಾರ ಕಲಿಸುತ್ತೇನೆ. ಒಂದು ಮಾತು ಈಗಲೇ ಕೇಳಿಸಿಕೋ. ಟ್ಯೂಬಿಗೆ ತೇಪೆ ಅಂಟಿಸಿ ಮುಗಿಯಿತು ಎಂದುಕೊಳ್ಳಬೇಡ. ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಬೇಕು. ಹೋದ ತಿಂಗಳು ನನಗೆ ಒಂದೇ ವಾರದಲ್ಲಿ ಮೂರು ಸಲ ಒಂದೇ ಜಾಗದಲ್ಲಿ ಪಂಕ್ಚರ್ ಆಯಿತು. ಮೂರನೆಯ ಸಲ ದೀಪದ ಕೆಳಗೆ ಟೈರನ್ನು ಒಳಹೊರಗು ಮಾಡಿ ನೋಡಿದರೆ ಕೂದಲೆಳೆಯಂಥ ಒಂದು ತಂತಿ. ಲಾರಿ ಟೈರುಗಳು ಒಡೆದಾಗ ರಸ್ತೆಯಲ್ಲಿ ಉದುರುವ ತಂತಿ ಅದು. ಹೊರಗಿನಿಂದ ಕಾಣಿಸಲೇ ಇಲ್ಲ, ಹುಬ್ಬು ಕೀಳುವ ಚಿಮಟಿಗೆಯಿಂದ ಎಳೆದು ತೆಗೆದೆ.

ಅತ್ತಿಗೆ, ಈಗ ನಿಮ್ಮ ಮಾತು. ನಿಮ್ಮ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ನನ್ನ ಕೈಗೆ ಪಟ್ಟಿ ಹಾಕಿದ್ದಾಗ ಆರು ವಾರ ಸಾರು ಮಾಡಿ ಕಳುಹಿಸಿದವರು ನೀವು. ಆ ಸಂಜೆ ಏನಾಯಿತೆಂದು ಪೂರ್ತಿ ಹೇಳಿರಲೇ ಇಲ್ಲ. ಮಳೆ ನಿಂತಿತ್ತು, ನಾನು ರಸ್ತೆಯ ಅಂಚಿಗೆ ಅಂಟಿಕೊಂಡು ಬರುತ್ತಿದ್ದೆ. ಅಂಚಿನಲ್ಲಿ ಮಳೆನೀರಿನ ಚರಂಡಿಗೆ ಕಬ್ಬಿಣದ ಜಾಲರಿ, ಅದರ ಸರಳುಗಳು ರಸ್ತೆಗೆ ಅಡ್ಡವಾಗಿ ಇರಬೇಕಾದವು ಉದ್ದಕ್ಕೆ ಇದ್ದವು. ಮುಂದಿನ ಚಕ್ರ ಎರಡು ಸರಳುಗಳ ನಡುವೆ ಇಳಿದು ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಹೆಲ್ಮೆಟ್ಟಿನ ಎಡಭಾಗ ಸೀಳಿತ್ತು, ತಲೆಗೆ ತರಚಿದ ಗಾಯವೂ ಇರಲಿಲ್ಲ. ಹೂ ಮಾರುವ ಅಮ್ಮ ಒಬ್ಬರು ಓಡಿ ಬಂದು ಎಬ್ಬಿಸಿ, ತಮ್ಮ ಬುಟ್ಟಿಗೆ ಚಿಮುಕಿಸುವ ನೀರಿನಲ್ಲೇ ನನ್ನ ಮುಖ ತೊಳೆದರು. ಆ ಹೆಲ್ಮೆಟ್ಟನ್ನು ಎಸೆದು ಹೊಸದು ಕೊಂಡೆ. ಒಮ್ಮೆ ಪೆಟ್ಟು ತಿಂದು ಒಳಗಿನ ಥರ್ಮಾಕೋಲ್ ನಜ್ಜುಗುಜ್ಜಾದ ಮೇಲೆ ಅದು ಇನ್ನೊಮ್ಮೆ ಕಾಯುವುದಿಲ್ಲ.

ಅಂದಿನಿಂದ ನಾನು ಅಂಚಿಗೆ ಅಂಟಿಕೊಂಡು ಹೋಗುವುದಿಲ್ಲ, ಪುಟ್ಟ, ನೀನೂ ಹೋಗಬೇಡ. ಅಂಚಿನಲ್ಲಿ ಜಾಲರಿ, ಗಾಜಿನ ಚೂರು, ಥಟ್ಟನೆ ತೆರೆಯುವ ಕಾರಿನ ಬಾಗಿಲು. ನಿಂತ ಕಾರುಗಳಿಂದ ಒಂದು ಮೀಟರ್ ಬಿಟ್ಟು ನೇರವಾಗಿ ಹೋಗು. ಹಿಂದಿನವರು ಹಾರ್ನ್ ಹೊಡೆದರೆ ಅವರಿಗೆ ನೀನು ಕಾಣಿಸುತ್ತಿದ್ದೀಯ ಎಂದರ್ಥ. ಮಳೆಯಲ್ಲಿ ರಸ್ತೆಯ ಬಿಳಿ ಪಟ್ಟೆಗಳು ಸೋಪಿನಂತೆ ಜಾರುತ್ತವೆ, ಅವುಗಳ ಮೇಲೆ ತಿರುಗಬೇಡ. ಹೊಂಗೆ ಹೂವು ಉದುರುವ ಬೇಸಿಗೆಯಲ್ಲಿ ಎರಡು ಹನಿ ಬಿದ್ದರೂ ಅದೇ ಕಥೆ, ಮಂಡಕ್ಕಿ ಚೆಲ್ಲಿದಂತೆ ಚೆಂದವಾಗಿ ಕಾಣುತ್ತದೆ, ಬ್ರೇಕ್ ಒತ್ತಿದರೆ ಚಕ್ರ ಕೈಬಿಡುತ್ತದೆ.

ಇಷ್ಟೆಲ್ಲ ಹೇಳಿದರೂ, ಸೈಕಲಿಗಿಂತ ಮುಖ್ಯವಾದದ್ದು ದಾರಿ. ನೀನು ಬೈಕಿನಲ್ಲಿ ಹೋಗುವ ದಾರಿಯಲ್ಲೇ ಸೈಕಲ್ ತುಳಿಯುತ್ತೇನೆ ಎಂದರೆ ನಾನು ಅತ್ತಿಗೆಯ ಪಕ್ಷ. ಜಯನಗರದ ಒಳರಸ್ತೆಗಳಲ್ಲಿ ಮರಗಳ ನೆರಳಿನಲ್ಲೇ ಅಶೋಕ ಸ್ತಂಭದ ತನಕ ಬಂದು, ಸಿದ್ದಾಪುರದ ಕಡೆಯಿಂದ ವಿಲ್ಸನ್ ಗಾರ್ಡನ್ ಸೇರಿ, ಲ್ಯಾಂಗ್‌ಫರ್ಡ್ ಟೌನ್ ದಾಟಿದರೆ ನಿನ್ನ ಕಚೇರಿ. ದೊಡ್ಡ ರಸ್ತೆಗಳನ್ನು ದಾಟುವಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ಜನರ ಜೊತೆ ದಾಟು. ಬೈಕಿನ ದಾರಿಗಿಂತ ಒಂದು ಕಿಲೋಮೀಟರ್ ಹೆಚ್ಚಾದೀತು. ಆದರೆ ಅಲ್ಲಿ ಬಸ್ಸಿನ ಹೊಗೆ ಕುಡಿಯಬೇಕಾಗಿಲ್ಲ, ಬೆಳಿಗ್ಗೆ ಏಳು ಗಂಟೆಗೆ ಯಾರದೋ ಮನೆಯ ಒಗ್ಗರಣೆಯ ವಾಸನೆ ಮುಖಕ್ಕೆ ಬರುತ್ತದೆ, ಅಂಗಳಕ್ಕೆ ನೀರು ಹಾಕುವವರು ಕೈ ತಡೆದು ನಮ್ಮನ್ನು ಬಿಡುತ್ತಾರೆ. ಆ ಅರ್ಧ ಗಂಟೆಗೋಸ್ಕರವೇ ನಾನು ಇಷ್ಟು ವರ್ಷ ತುಳಿದಿದ್ದೇನೆ, ಅತ್ತಿಗೆ. ಅದು ಇವನಿಗೂ ಸಿಗಲಿ ಎಂಬುದೇ ನನ್ನ ಆಸೆ.

ಸ್ನೇಹಿತರು ನಂದಿ ಬೆಟ್ಟಕ್ಕೆ ಕರೆಯುತ್ತಿದ್ದಾರೆ ಎಂದೂ ಬರೆದಿದ್ದೀಯ. ಹೋಗುವೆಯಂತೆ. ಈ ದಾರಿಯನ್ನು ಎರಡು ತಿಂಗಳು ತುಳಿ, ಆಮೇಲೂ ಹೊಸ ಸೈಕಲ್ ಬೇಕೆನ್ನಿಸಿದರೆ ಅಂಗಡಿಗೆ ನಾನೇ ಜೊತೆಗೆ ಬರುತ್ತೇನೆ.

ಈ ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಯ ಮುಂದೆ ಇರುತ್ತೇನೆ, ಪಂಪು ನಾನು ತರುತ್ತೇನೆ. ಅತ್ತಿಗೆ, ನೀವೂ ಅಣ್ಣನ ಸ್ಕೂಟರಿನಲ್ಲಿ ಹಿಂದೆಯೇ ಬನ್ನಿ, ದಾರಿಯನ್ನು ಕಣ್ಣಾರೆ ನೋಡಿ. ಪುಟ್ಟ, ಆ ಸೀಟಿನ ಕೊಳವೆ ಇಷ್ಟು ವರ್ಷ ಅಲುಗಾಡದೆ ತುಕ್ಕು ಹಿಡಿದಿರುತ್ತದೆ. ಇವತ್ತೇ ಅದರ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟಿಡು, ಭಾನುವಾರದ ಹೊತ್ತಿಗೆ ಸಡಿಲವಾಗಿರುತ್ತದೆ.