ಪದಚರ್ಚೆ: ‘ಮೀಡಿಯಂ ಫಾರ್ಮ್ಯಾಟ್’ ಕ್ಯಾಮರಾಗೆ ‘ನಡುಗಾತ್ರ’ ಎನ್ನಬಹುದೇ?

ಗೆಳೆಯರೇ,

ಹಳೆಯ ಫಿಲ್ಮ್ ಕ್ಯಾಮರಾಗಳ ಬಗ್ಗೆ ಬರೆಯಲು ಕೂತು ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಮೀಡಿಯಂ ಫಾರ್ಮ್ಯಾಟ್’ ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

‘ಮಧ್ಯಮ ಗಾತ್ರದ ಕ್ಯಾಮರಾ’ ಎಂದು ಬರೆದು ನೋಡಿದೆ. ಅಡುಗೆ ಪುಸ್ತಕದ ‘ಮಧ್ಯಮ ಗಾತ್ರದ ಈರುಳ್ಳಿ ಎರಡು’ ನೆನಪಾಯಿತು! ಅರ್ಥವೂ ದಾರಿ ತಪ್ಪುತ್ತದೆ. ಈ ಬಗೆಯದೇ ಆದ, ಜೋಡಿ ಲೆನ್ಸಿನ ನನ್ನ ಯಾಶಿಕಾ ಮ್ಯಾಟ್ ಕ್ಯಾಮರಾ ಕೊರಳಿಗೆ ಹಾಕಿಕೊಂಡರೆ ಇಟ್ಟಿಗೆ ನೇತುಹಾಕಿಕೊಂಡ ಹಾಗಿರುತ್ತದೆ. ಮಧ್ಯಮವಾಗಿರುವುದು ಕ್ಯಾಮರಾ ಅಲ್ಲ, ಫಿಲ್ಮಿನ ಮೇಲೆ ಮೂಡುವ ಚಿತ್ರ. ಮಾಮೂಲಿ 35 ಮಿ.ಮೀ. ರೋಲಿನಲ್ಲಿ ಒಂದು ಚಿತ್ರ 24×36 ಮಿ.ಮೀ. ಇರುತ್ತದೆ. ನನ್ನ ಯಾಶಿಕಾದಲ್ಲಿ ಸುಮಾರು 56×56. ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ದೊಡ್ಡದಾಗಿ ಪ್ರಿಂಟ್ ಹಾಕಿಸಿದರೂ ಕಾಳುಕಾಳಾಗಿ ಕಾಣುವುದು ಕಡಿಮೆ. ಇದಕ್ಕೂ ದೊಡ್ಡದು 4×5 ಇಂಚಿನ ಬಿಡಿ ಹಾಳೆಯ ಫಿಲ್ಮ್. ಎರಡರ ನಡುವೆ ಇರುವುದಕ್ಕೇ ಈ ಹೆಸರು.

ನಮ್ಮೂರಿನ ಹಳೆಯ ಸ್ಟುಡಿಯೋದವರಿಗೆ ಈ ತಲೆನೋವೇ ಇಲ್ಲ. ‘ಒನ್ ಟ್ವೆಂಟಿ’ ಅಂದರೆ ಮುಗಿಯಿತು. ಆದರೆ ಈ 120 ಅಳತೆಯೇ ಅಲ್ಲ. ಈ ಕ್ಯಾಮರಾಗೆ ಹಾಕುವ, ಕೊಡಕ್ ಕಂಪನಿ 1901ರಲ್ಲಿ ತಂದ ಫಿಲ್ಮಿಗೆ ಅಂಟಿಕೊಂಡ ನಂಬರು, ಅಷ್ಟೇ.

ಆಮೇಲೆ ‘ನಡುಗಾತ್ರ’ ಹೊಳೆಯಿತು. ನಡು ಅಂದರೆ ಮಧ್ಯ, ಸೊಂಟವೂ ಹೌದು ಅಲ್ವಾ? ಈ ಜೋಡಿ ಲೆನ್ಸಿನ ಕ್ಯಾಮರಾ ಹಿಡಿಯುವುದೂ ಸೊಂಟದ ಮೇಲೆಯೇ. ಕಣ್ಣಿಗೆ ಒತ್ತಿಕೊಳ್ಳುವ ಹಾಗಿಲ್ಲ. ಮೇಲಿನ ಮುಚ್ಚಳ ತೆರೆದು, ತಲೆ ಬಗ್ಗಿಸಿ, ಗಾಜಿನ ಮೇಲೆ ಮೂಡುವ ಚಿತ್ರ ನೋಡಬೇಕು. ಅಲ್ಲಿ ಎಡ ಬಲ ಅದಲುಬದಲು. ಚಿತ್ರ ಎಡಕ್ಕೆ ಸರಿಯಲಿ ಎಂದು ತಿರುಗಿಸಿದರೆ ಬಲಕ್ಕೆ ಓಡುತ್ತದೆ. ರೋಲಿಗೆ ಬರೀ 12 ಚಿತ್ರ. ಹಾಗಾಗಿ ಸುಮ್ನೆ ಕ್ಲಿಕ್ಕಿಸಲು ಕೈ ಬರುವುದಿಲ್ಲ. ನನಗೆ ಹಿಡಿಸಿದ್ದೇ ಈ ನಿಧಾನ. ಎದುರು ಕೂತವರಿಗೂ ಗುರಿ ಇಟ್ಟ ಹಾಗೆ ಅನ್ನಿಸುವುದಿಲ್ಲ. ನಮ್ಮ ಸೋದರತ್ತೆಯಂತೂ ‘ಡಬ್ಬಿಯೊಳಗೆ ಏನು ಬಿತ್ತು, ಅಷ್ಟೊಂದು ಹುಡುಕ್ತಿದ್ದೀಯಾ?’ ಎಂದು ಕೇಳಿ ನಕ್ಕರು. ಅವರ ಒಳ್ಳೆಯ ಫೋಟೊ ಅಂತ ಮನೆಯಲ್ಲಿ ಇರುವುದು ಅದೊಂದೇ.

ಈಗ ತಕರಾರುಗಳು. ಮಾಮಿಯಾ 7 ಕೂಡ ಇದೇ ಫಿಲ್ಮಿನದು, ಆದರೆ ಕಣ್ಣಿಗೇ ಹಿಡಿಯುವಂಥದ್ದು. ಅಲ್ಲಿ ‘ನಡು’ವಿನ ಎರಡನೇ ಅರ್ಥ ಕೈಕೊಡುತ್ತದೆ. ಇನ್ನು ‘ನಡುಗಾತ್ರ’ ಅರಿಸಮಾಸ, ಅಂದರೆ ಕನ್ನಡದ ‘ನಡು’ವಿಗೆ ಸಂಸ್ಕೃತದ ‘ಗಾತ್ರ’ ಜೋಡಿಸಿದ್ದು ಎಂದು ಹುಬ್ಬೇರಿಸುವವರು ಈ ಗುಂಪಿನಲ್ಲೇ ಇದ್ದೀರಿ, ಗೊತ್ತು. ‘ನಡುವಳತೆ’ ಅಂದರೆ ಆ ದೋಷ ಇಲ್ಲ. ಆದರೆ ನನ್ನ ಕಿವಿಗೆ ಅದು ದರ್ಜಿ ಅಂಗಡಿಯ ಮಾತು, ಸೊಂಟದ ಸುತ್ತಳತೆ!

ನಿಮ್ಮ ಆಯ್ಕೆ ಯಾವುದು? ಇನ್ನೊಂದು ಪ್ರಶ್ನೆಯೂ ಇದೆ. ತಲೆ ಬಗ್ಗಿಸಿ ನೋಡುವ ಆ ಗಾಜಿಗೆ ನಿಮ್ಮ ಕಡೆಯ ಸ್ಟುಡಿಯೋಗಳಲ್ಲಿ ಏನಾದರೂ ಹೆಸರಿತ್ತೇ? ಇದ್ದರೆ ದಯವಿಟ್ಟು ಊರಿನ ಹೆಸರನ್ನೂ ಸೇರಿಸಿ ತಿಳಿಸಿ.